ಪೀಣ್ಯದಿಂದ ಮೈಸೂರಿಗೆ ಬಂದ ಕಾಲೇಜ್ ಲೇತು: ಎಂಟು ತಿಂಗಳ ಮೇಲೆ ಬರೀತಿರೋ ರಿವ್ಯೂ

ನಂದು ಹಳೇ ಯೆಜ್ಡಿ ರಿಪೇರಿ ಹುಚ್ಚು. ನಮ್ಮೂರಲ್ಲೇ ತಯಾರಾಗ್ತಿದ್ದ ಗಾಡಿ, 1996ರಲ್ಲಿ ಫ್ಯಾಕ್ಟರಿ ಮುಚ್ಚೋಯ್ತು, ಈಗ ಇದೇ ಮೈಸೂರಲ್ಲಿ ಒಂದು ನೆಟ್ಟಗಿರೋ ಸ್ವಿಂಗ್ ಆರ್ಮ್ ಬುಷ್ (ಹಿಂದಿನ ಚಕ್ರ ಹಿಡಿಯೋ ಆರ್ಮಿನ ಕೀಲಿಗೆ ಹಾಕೋ ಲೋಹದ ಕೊಳವೆ) ಹುಡುಕಿ ನೋಡಣ, ಸಿಕ್ಕಿದ್ದು ಹಾಕಿದ್ರೆ ಒಂದೋ ಬಿಗಿ ಇಲ್ಲಾ ಲೊಡಲೊಡ. ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೇಳಿದ್ರೆ ಎರಡು ಪೀಸ್‌ಗೆಲ್ಲ ಸೆಟ್ಟಿಂಗ್ ಮಾಡಕ್ಕಾಗಲ್ಲ ಸಾರ್, ಐವತ್ತು ಇದ್ರೆ ತನ್ನಿ ಅಂತಾರೆ, ಅವ್ರದ್ದೂ ತಪ್ಪಿಲ್ಲ ಬಿಡಿ. ಹಂಗಾಗಿ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂಗೆ ಓಡೋ ಲೇತು) ಒಂದನ್ನ ಮನೇಗೇ ತಂದುಬಿಡಣ ಅಂತ ಹೊರಟೆ. ಮನೇಲಿ ಏನಂದ್ರು ಅನ್ನೋದು ಇಲ್ಲಿ ಬೇಡ.

ಅಂಗಡಿ ಪೀಣ್ಯ ಸೆಕೆಂಡ್ ಸ್ಟೇಜ್ ಕಡೆ, ಹೆಸರು ಹಾಕಲ್ಲ, ಯಾಕಂತ ಓದ್ತಾ ಹೋದ್ರೆ ಗೊತ್ತಾಗುತ್ತೆ. ಯಜಮಾನ್ರು ಮೊದ್ಲು ತೋರ್ಸಿದ್ದು ಪ್ರೊಡಕ್ಷನ್ ಮಶೀನು, ಫ್ಯಾನಕ್ ಕಂಪನಿ ಕಂಟ್ರೋಲ್, ಪೀಸ್ ಹಿಡಿಯೋ ಹೈಡ್ರಾಲಿಕ್ ಚಕ್, ಹೊಸದಾಗಿ ಪೇಂಟ್ ಹೊಡ್ದು ಮದುವೆ ಹೆಣ್ಣಿನ ಥರ ನಿಲ್ಸಿದ್ರು. ರೇಟ್ ಕೇಳಿ ಆಸೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೂರು ಟನ್ ತೂಕ, ತ್ರೀ ಫೇಸ್ ಬೇಕು, ನನ್ನ ಶೆಡ್ಡಲ್ಲಿರೋದು ಸಿಂಗಲ್ ಫೇಸ್, ನೆಲಕ್ಕೆ ಹಾಕಿರೋದು ಟೈಲ್ಸು. ಪವರ್ ಕೊಟ್ಟು ತೋರ್ಸಿ ಅಂದೆ, ಇಲ್ಲಿ ಕನೆಕ್ಷನ್ ಇಲ್ಲ ಸಾರ್ ಅಂದ್ರು. ಎಷ್ಟು ದಿನದಿಂದ ಹಿಂಗೇ ನಿಂತಿದೆ ಅಂದ್ರೆ ಎರಡು ವರ್ಷ ಇರ್ಬೋದು ಅಂದ್ರು. ಅಷ್ಟು ಸಾಕಿತ್ತು ನಂಗೆ. ಆ ಕಂಟ್ರೋಲಲ್ಲಿ ಪ್ಯಾರಾಮೀಟರೆಲ್ಲ, ಅಂದ್ರೆ ಮಶೀನಿನ ಸೆಟ್ಟಿಂಗ್‌ಗಳೆಲ್ಲ, ಬ್ಯಾಟರಿ ನಂಬ್ಕೊಂಡು ಕೂತಿರೋ ಮೆಮೊರೀಲಿರ್ತವೆ, ಬ್ಯಾಟರಿ ಸತ್ರೆ ಅವೂ ಹೋದಂಗೆ, ಮತ್ತೆ ತುಂಬೋಣ ಅಂದ್ರೆ ಮಶೀನ್ ಜೊತೆ ಬಂದಿದ್ದ ಪ್ಯಾರಾಮೀಟರ್ ಶೀಟ್ ಬೇಕು, ಆ ಶೀಟು ಯಾವ ಗುಜರಿ ಸೇರಿದ್ಯೋ.

ಮೂಲೇಲಿ ಇನ್ನೊಂದಿತ್ತು. ಟೇಬಲ್ ಮೇಲೆ ಕೂರೋ, ಹುಡುಗ್ರು ಕಲಿಯೋ ಟ್ರೈನರ್ ಸಿಎನ್‌ಸಿ ಲೇತು, ಯಾವ್ದೋ ಪಾಲಿಟೆಕ್ನಿಕ್ ಲ್ಯಾಬಿಂದ ಹರಾಜಲ್ಲಿ ಬಂದಿದ್ದು. ಕಾರ್ ಮಾರೋರು ಲೇಡಿ ಡಾಕ್ಟರ್ ಓಡ್ಸಿದ್ದು ಅಂತಾರಲ್ಲ, ಇಲ್ಲಿ ಅದೇ ಡೈಲಾಗು: "ಹುಡುಗ್ರು ಪ್ರಾಕ್ಟಿಕಲ್ ಎಕ್ಸಾಮ್‌ಗೆ ಅಲ್ಯೂಮಿನಿಯಂ ಚೆಸ್ ಕಾಯಿ ಮಾಡಿದಾರೆ ಅಷ್ಟೇ ಸಾರ್." ಆದ್ರೆ ಇದು ನಿಜ ಇದ್ದಂಗಿತ್ತು, ಚಿಪ್ ಟ್ರೇ ಮೂಲೇಲಿ ಒಂದು ಅರ್ಧಂಬರ್ಧ ಚೆಸ್ ಪಾನ್ ಸಿಕ್ತು, ಚಕ್ ಹತ್ರ ಬೆಡ್ ಮೇಲೆ ಒಂದು ಗಾಯ ಇಲ್ಲ. ಎಲ್ಲಕ್ಕಿಂತ ಮುಖ್ಯ, ಸಿಂಗಲ್ ಫೇಸು.

ನಾನು ಸಣ್ಣ ಅಲುಗಾಟ ಅಳೆಯೋ ಡಯಲ್ ಗೇಜು, ಮ್ಯಾಗ್ನೆಟ್ ಸ್ಟ್ಯಾಂಡು ಬ್ಯಾಗಲ್ಲೇ ಇಟ್ಕೊಂಡು ಹೋಗಿದ್ದೆ. ಇದಕ್ಕೆ ಪವರ್ ಕೊಟ್ರು, ಕಂಪ್ಯೂಟರ್ ಆನ್ ಆಯ್ತು, ಎಕ್ಸ್ ಆಕ್ಸಿಸ್‌ನ (ಟೂಲು ಪೀಸ್ ಕಡೆ ಹೋಗಿ ಬರೋ ದಿಕ್ಕು) 0.10 ಎಂಎಂ ಒಳಗೆ ಕಳ್ಸಿದೆ, ಮತ್ತೆ 0.10 ವಾಪಸ್ ಕರ್ಸಿದೆ, ಮುಳ್ಳು 0.07 ಬಂದು ನಿಂತೋಯ್ತು. ಅಂದ್ರೆ 30 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಎಂಎಂ) ಪ್ಲೇ, ಅಂದ್ರೆ ಲೂಸು, ಲೇತಲ್ಲಿ ಎಕ್ಸ್‌ದು ಡಯಾಮೀಟರ್‌ಗೆ ಡಬಲ್ ಆಗೋದ್ರಿಂದ 60, ನನ್ನ ಬುಷ್‌ಗೆ ಬೇಕಿರೋದು 20ರ ಒಳಗೆ. ಚಕ್ಕನ್ನ ತಿರುಗ್ಸೋ ಸ್ಪಿಂಡಲ್ಲಿನ ಟೇಪರ್ ತೂತಿನ ಒಳಗೆ ಡಯಲ್ ಇಟ್ಟು ಕೈಯಲ್ಲಿ ತಿರುಗ್ಸಿದ್ರೆ ಮಾತ್ರ ಮುಳ್ಳು ಒಂದೇ ಡಿವಿಷನ್ ಅಲ್ಲಾಡ್ತು, ಅಲ್ಲೇ ಮನಸಲ್ಲಿ ವ್ಯಾಪಾರ ಮುಗೀತು. ಬಾಯಲ್ಲಿ ಮಾತ್ರ ಆ 30 ಮೈಕ್ರಾನೇ ಹಿಡ್ಕೊಂಡು ಚೌಕಾಸಿ ಮಾಡಿ 1,85,000 ಹೇಳಿದ್ದನ್ನ 1,40,000ಕ್ಕೆ ಇಳ್ಸಿದೆ. (ಮನೇಗೆ ತಂದು ಬಿಚ್ಚಿ ನೋಡಿದ್ರೆ ಸ್ಲೈಡ್ ಓಡ್ಸೋ ಸ್ಕ್ರೂ ಸವೆದಿರ್ಲಿಲ್ಲ, ಬೇರಿಂಗ್ ಲಾಕ್ ನಟ್ ಸಡಿಲ ಆಗಿತ್ತು, ಟೈಟ್ ಮಾಡಿದ್ಮೇಲೆ 10 ಮೈಕ್ರಾನಿಗೆ ಬಂತು. ಯಜಮಾನ್ರಿಗೆ ಇದನ್ನ ಹೇಳಿಲ್ಲ.)

ಲೋಡಿಂಗ್ ಬಗ್ಗೆ ಒಂದು ಮಾತು ಕಂಪ್ಲೇಂಟ್ ಇಲ್ಲ. ಕೆಳಗೆ ಮರದ ಪಟ್ಟಿ ಕೊಟ್ಟು, ಸ್ಲೈಡನ್ನ ಹಗ್ಗದಲ್ಲಿ ಕಟ್ಟಿ, ಬೆಡ್‌ಗೆ ಗ್ರೀಸ್ ಬಳ್ದು ಟಾಟಾ ಏಸಲ್ಲಿ ಇಟ್ಟು ಕಳ್ಸಿದ್ರು, ಮೈಸೂರಿಗೆ ಬಂದಾಗ ಒಂದು ಗೀರಿಲ್ಲ.

ಕಬ್ಬಿಣ ಬಂತು, ಬುದ್ಧಿ ಬರ್ಲಿಲ್ಲ. ಮಶೀನ್ ಜೊತೆ ಬಂದ ವಿಂಡೋಸ್ ಎಕ್ಸ್‌ಪಿ ಡಬ್ಬದಲ್ಲಿರೋ ಸಾಫ್ಟ್‌ವೇರ್‌ಗೆ ಡಾಂಗಲ್ (ಲೈಸೆನ್ಸ್ ಬೀಗದ ಕೈ ಥರ ಚುಚ್ಚೋ ಪುಟ್ಟ ಪ್ಲಗ್ಗು) ಬೇಕು, ಅವತ್ತು ಅಂಗಡೀಲಿ ಹಿಂದ್ಗಡೆ ಚುಚ್ಕೊಂಡಿತ್ತಂತೆ, ಪ್ಯಾಕ್ ಮಾಡೋವಾಗ ಯಾರೋ ಕಿತ್ತಿಟ್ಟಿದಾರೆ. ಫೋನ್ ಮಾಡಿದ್ರೆ ನಾಳೆ ಕೊರಿಯರ್ ಸಾರ್. ಮೂರು ವಾರ ನಾಳೆ ನಾಳೆ ಆಯ್ತು, ಆಮೇಲೆ ಫೋನ್ ಎತ್ತೋದೂ ನಿಂತೋಯ್ತು. ಎರಡು ಗಂಟೆ ಡಯಲ್ ಹಿಡ್ಕೊಂಡು ಲೇತನ್ನ ನೋಡಿದೋನು ಎರಡು ನಿಮಿಷ ಕಂಪ್ಯೂಟರ್ ಹಿಂದೆ ಬಗ್ಗಿ ನೋಡ್ಲಿಲ್ಲ, ಆ ಸಿಟ್ಟು ನನ್ ಮೇಲೆ ನಂಗೇ ಜಾಸ್ತಿ.

ಕೊನೇಗೆ ಹಳೇ ಕಂಪ್ಯೂಟರನ್ನ ಕಿತ್ತಾಕಿ, ಬೇರೆ ಕಂಪ್ಯೂಟರಲ್ಲಿ ಮಶೀನ್ ಓಡ್ಸೋ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ ಹಾಕ್ದೆ. ಅದು ಫ್ರೀ. ಆಕ್ಸಿಸ್ ಮೋಟರ್ ಓಡ್ಸೋ ಸ್ಟೆಪ್ಪರ್ ಡ್ರೈವ್‌ಗಳು ಬರೀ ಸ್ಟೆಪ್ಪು, ಡೈರೆಕ್ಷನ್ನು ಸಿಗ್ನಲ್ ಕೇಳೋ ಥರದ್ದಾಗಿದ್ರಿಂದ ಅವನ್ನ ಹಂಗೇ ಉಳ್ಸ್ಕೊಂಡೆ, ಪ್ಯಾರಲಲ್ ಪೋರ್ಟ್ ಕಾರ್ಡು, ಅದಕ್ಕೆ ವೈರ್ ಜೋಡ್ಸೋ ಬ್ರೇಕ್‌ಔಟ್ ಬೋರ್ಡು, ಸ್ಪಿಂಡಲ್ ತಿರುಗೋದನ್ನ ಎಣಿಸೋಕೆ ಎನ್ಕೋಡರ್ರು, ಎಲ್ಲ ಸೇರಿ 26,000 ಚಿಲ್ಲರೆ. ಎನ್ಕೋಡರ್ 1024 ಲೈನಿಂದು (ಒಂದು ಸುತ್ತಿಗೆ 1024 ಗೆರೆ) ತಗೊಂಡು ಕೈ ಸುಟ್ಕೊಂಡೆ, ಪ್ಯಾರಲಲ್ ಪೋರ್ಟಿಗೆ ಅಷ್ಟು ಸ್ಪೀಡಾಗಿ ಎಣಿಸಕ್ಕಾಗಲ್ಲ, 100 ಲೈನಿಂದು ಹಾಕಿದ್ಮೇಲೆ ಥ್ರೆಡ್ ಕೊಯ್ಯೋವಾಗ ಟೂಲು ಪ್ರತಿ ಸಲಾನೂ ಸರಿಯಾಗಿ ಅದೇ ಗೆರೇಲಿ ಕೂತ್ಕೊಳಕ್ಕೆ ಶುರುವಾಯ್ತು. ಸ್ಪಿಂಡಲ್ ಆನ್ ಮಾಡಿದ ತಕ್ಷಣ, ಸ್ಲೈಡ್ ಕೊನೆ ಮುಟ್ಟಿದ್ರೆ ನಿಲ್ಸೋ ಲಿಮಿಟ್ ಸ್ವಿಚ್ಚಿನ ಎರರ್ ಬರ್ತಿತ್ತು, ಸ್ವಿಚ್ಚಿಗೆ ಏನೂ ಆಗಿರ್ಲಿಲ್ಲ, ಸ್ಪಿಂಡಲ್ ಡ್ರೈವಿನ ಎಲೆಕ್ಟ್ರಿಕಲ್ ನಾಯ್ಸು, ಶೀಲ್ಡೆಡ್ ಕೇಬಲ್ ಹಾಕಿ ಅರ್ತ್ ಮಾಡಿದ್ಮೇಲೆ ಹೋಯ್ತು. ಮೊದಲ್ನೇ ಬುಷ್ ಪ್ರೋಗ್ರಾಂ ಓಡ್ಸಿದ ದಿನ ಟೂಲು ಪೀಸ್ ಹತ್ರಾನೇ ಬರ್ದೆ ಹತ್ತು ನಿಮಿಷ ಗಾಳೀನ ಟರ್ನಿಂಗ್ ಮಾಡ್ತು, ನಾನು ಡಯಾಮೀಟರ್ ಲೆಕ್ಕದಲ್ಲಿ ಬರ್ದಿದ್ದೆ, ಅದು ರೇಡಿಯಸ್ ಅಂದ್ಕೊಂಡಿತ್ತು, ಪ್ರೋಗ್ರಾಂ ಮೇಲೆ ಜಿ7 (ಡಯಾಮೀಟರ್ ಲೆಕ್ಕ ಅಂತ ಹೇಳೋ ಕೋಡು) ಅಂತ ಹಾಕಿದ್ರೆ ಆಗ್ತಿತ್ತು. ಉಲ್ಟಾ ಆಗಿದ್ರೆ ಟೂಲು ಚಕ್ಕಿಗೇ ನುಗ್ತಿತ್ತು, ದೇವ್ರು ದೊಡ್ಡೋನು.

ಈಗ ಗನ್‌ಮೆಟಲ್ ಬುಷ್ ಹನ್ನೊಂದು ನಿಮಿಷಕ್ಕೆ ಒಂದು ಬೀಳುತ್ತೆ, ಹತ್ತು ಪೀಸಲ್ಲಿ ಒಳಗಿನ ಸೈಜ್ 15 ಮೈಕ್ರಾನ್ ಆಚೀಚೆ. ಸ್ಟೀಲಲ್ಲಿ ಜಾಸ್ತಿ ಆಸೆ ಇಟ್ಕೋಬೇಡಿ, ಇಎನ್8 ಸ್ಟೀಲ್ ರಾಡಿಗೆ ಅರ್ಧ ಮಿಲಿ ಕಟ್ ಕೊಟ್ರೆ ಮಶೀನು ನರಳುತ್ತೆ. ಪಾರ್ಟಿಂಗ್ ಅಂತೂ, ಅಂದ್ರೆ ರಾಡಿಂದ ಪೀಸ್ ಕತ್ತರಿಸೋದು, 20 ಎಂಎಂ ದಾಟಿದ್ರೆ ಪಕ್ಕದ ಮನೆಯವ್ರು ಬಂದು ಕೇಳೋ ಅಷ್ಟು ಕಿರುಚುತ್ತೆ, ನಾನದನ್ನ ಗರಗಸದಲ್ಲೇ ಕೊಯ್ಕೋತೀನಿ.

ಮಶೀನಿಗೆ ಐದಕ್ಕೆ ನಾಲ್ಕು. ಅಂಗಡಿಗೆ ಎರಡೂವರೆ, ಅದ್ರಲ್ಲಿ ಎರಡು ಆ ಲೋಡಿಂಗ್ ಹುಡುಗ್ರದ್ದು. ಡಾಂಗಲ್ ಇವತ್ತಿನವರೆಗೂ ಬಂದಿಲ್ಲ.