ನಾಯಿ ಜೊತೆ ಶರಾವತಿ ಹಿನ್ನೀರು: ಲಾಂಚೋ, ಹರಿಗೋಲೋ, ಸೇತುವೆಯೋ?

ನಾಯಿ ಕಟ್ಟಿಕೊಂಡು, ಗೆಳೆಯರ ಜೊತೆ ಶರಾವತಿ ಹಿನ್ನೀರಿಗೆ ಹೋಗುವವರಿಗೆ ಯಾವ ದಾರಿ ಒಳ್ಳೆಯದು? ಹೊಳೆಬಾಗಿಲು, ಹಸಿರುಮಕ್ಕಿ ಎರಡೂ ಕಡೆ ನಾವು ಲಾಂಚ್ ಹತ್ತಿದ್ದೇವೆ. ಹರಿಗೋಲಿನಲ್ಲಿ ಸುತ್ತಿದ್ದೇವೆ. ಈಗ ಸೇತುವೆ ಮೇಲೂ ಓಡಾಡುತ್ತೇವೆ. ಜೊತೆಗಿರುವವನು ಕೆಂಚ. ಊರ ನಾಯಿ, ಮೈ ತುಂಬಿಕೊಂಡವನು, ನೀರು ಕಂಡರೆ ಹಗ್ಗ ಎಳೆಯುವವನು. ನನ್ನ ಲೆಕ್ಕದಲ್ಲಿ ಹತ್ತುವುದು, ಇಳಿಯುವುದು ಹೇಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಡುನೀರಿನಲ್ಲಿ ನಾಯಿ ಸುಮ್ನೆ ಕೂರುತ್ತದೆ. ರಗಳೆಯೆಲ್ಲ ದಡದಲ್ಲೇ.

ಮೊದಲು ಹೊಳೆಬಾಗಿಲು. ಸೇತುವೆ ಬರುವ ಮುಂಚೆ ಅಂಬಾರಗೋಡ್ಲು ದಡದಿಂದ ಕಳಸವಳ್ಳಿಗೆ ಹೋಗುತ್ತಿದ್ದ ಈ ಲಾಂಚನ್ನು ಎಲ್ಲರೂ ಕರೆಯುತ್ತಿದ್ದದ್ದು ಸಿಗಂದೂರು ಲಾಂಚ್ ಅಂತಲೇ. ಬಸ್ಸು, ಕಾರು, ಬೈಕು, ಜನ ಎಲ್ಲ ಒಂದೇ ಕಬ್ಬಿಣದ ಹಲಗೆ ಮೇಲೆ. ಲಾಂಚಿನ ಮಟ್ಟಿಗೆ ಏನೂ ತೊಂದರೆ ಇರಲಿಲ್ಲ, ಅದು ಅಲುಗುತ್ತಿದ್ದದ್ದೇ ಕಡಿಮೆ. ಆದರೆ ಚೌಡೇಶ್ವರಿ ದರ್ಶನಕ್ಕೆ ಬಂದವರ ಸಾಲು ಇದೆಯಲ್ಲ, ಅದು ಮಂಗಳವಾರ, ಶುಕ್ರವಾರ, ರಜಾ ದಿನ ಬಂತೆಂದರೆ ರಸ್ತೆಯುದ್ದಕ್ಕೂ ಬೆಳೆಯುತ್ತಿತ್ತು. ಬಿಸಿಲಲ್ಲಿ ಕಾದು, ಕೊನೆಗೆ ಮುಂಬಾಗಿಲು ಇಳಿಸಿದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುವುದು. ಆ ಗಲಾಟೆಯಲ್ಲಿ ಬಸ್ಸಿನ ಹಾರನ್ ಬೇರೆ. ಕೆಂಚ ಬೆದರಿ ಹಿಂದಕ್ಕೆ ಎಳೆಯುತ್ತಿದ್ದ, ಹಿಂದಿನವರು ಮುಂದಕ್ಕೆ ದಬ್ಬುತ್ತಿದ್ದರು. ಮಧ್ಯಾಹ್ನವಾದರೆ ಕಬ್ಬಿಣ ಕಾದಿರುತ್ತಿತ್ತು. ನಮಗೆ ಚಪ್ಪಲಿ ಇದೆ, ನಾಯಿಗೆ? ಒದ್ದೆ ಗೋಣಿಚೀಲ ಹಾಸಿದರೆ ಮಾತ್ರ ಅವನು ನಿಲ್ಲುತ್ತಿದ್ದ. ಅಷ್ಟಾದರೂ ಗಾಳಿಗೆ ಮೂಗೊಡ್ಡಿ ಆಚೆ ದಡದವರೆಗೆ ಖುಷಿಯಾಗಿಯೇ ಬರುತ್ತಿದ್ದ ಅನ್ನಿ.

ಇಲ್ಲಿ ನೀರಿನ ಮಟ್ಟದ ಮಾತು ಹೇಳಲೇಬೇಕು. ಈ ಹಿನ್ನೀರು ನಿಂತಿರುವ ಲಿಂಗನಮಕ್ಕಿ ಅಣೆಕಟ್ಟೆ 1964ರದ್ದು, ಪೂರ್ತಿ ತುಂಬಿದಾಗ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಆದರೆ ಅದು ಮಳೆಗಾಲ ಮುಗಿಯುವ ಹೊತ್ತಿನ ಮಾತು. ಕರೆಂಟಿಗೆ ನೀರು ಬಿಡುತ್ತಾ ಬಿಡುತ್ತಾ ಮೇ ತಿಂಗಳಿಗೆ ಹತ್ತಾರು ಅಡಿ ಇಳಿದಿರುತ್ತದೆ. ಅಂದರೆ ದಡವೇ ಜಾಗ ಬದಲಿಸುತ್ತದೆ. ಅಕ್ಟೋಬರಿನಲ್ಲಿ ರಸ್ತೆ ಬದಿಗೇ ಬಂದು ನಿಲ್ಲುವ ಲಾಂಚ್, ಬೇಸಿಗೆಯಲ್ಲಿ ಕೆಸರಿನ ಇಳಿಜಾರಿನ ಕೆಳಗೆಲ್ಲೋ ಇರುತ್ತದೆ. 2023ರ ಜೂನ್‌ನಲ್ಲಿ ನೀರು ತೀರಾ ಇಳಿದು, ಸಿಗಂದೂರು ಲಾಂಚಿನಲ್ಲಿ ವಾಹನ ಹಾಕುವುದನ್ನೇ ನಿಲ್ಲಿಸಿದ್ದರು.

ಇಂಗ್ಲೆಂಡಿನ ಕಾಲುವೆಗಳಲ್ಲಿ ಮಟ್ಟದ ವ್ಯತ್ಯಾಸಕ್ಕೆ ಲಾಕ್ ಕಟ್ಟಿದ್ದಾರೆ. ಎರಡು ಕಡೆ ಬಾಗಿಲಿರುವ ಉದ್ದನೆಯ ತೊಟ್ಟಿ ಅದು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಹಾಕಿ, ಮುಂದಿನ ತೂಬು ಎತ್ತುತ್ತಾರೆ. ಮೇಲಿನ ನೀರು ತುಂಬಿ ದೋಣಿಯನ್ನು ಎತ್ತುತ್ತದೆ. ನಾಯಿಗಳನ್ನೂ ಕೂರಿಸಿಕೊಂಡು ಜನ ದಿನಗಟ್ಟಲೆ ಹೀಗೆ ಹೋಗುತ್ತಾರೆ. ಡಿವೈಜಸ್ ಊರಿನ ಹತ್ತಿರ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳು ಸೇರಿ ದೋಣಿಯನ್ನು ಸುಮಾರು 72 ಮೀಟರ್ ಏರಿಸುತ್ತವೆ. ಆ ಲೆಕ್ಕದಲ್ಲಿ ಜೋಗದ 253 ಮೀಟರ್ ಇಳಿಯಲು ನೂರು ಲಾಕ್ ಬೇಕು! ನಮ್ಮವರು ಆ ಉಸಾಬರಿಗೆ ಹೋಗಲಿಲ್ಲ. ನೀರನ್ನು ಕೊಳವೆಯಲ್ಲಿ ಇಳಿಸಿ ಕರೆಂಟ್ ಮಾಡಿಕೊಂಡರು. ದೋಣಿಗೆ ಮಟ್ಟ ಸರಿಮಾಡಿ ಕೊಡುವವರು ಇಲ್ಲಿ ಯಾರೂ ಇಲ್ಲ, ಕೆಸರು ತುಳಿದು ನಾವೇ ಇಳಿಯಬೇಕು.

ಹಸಿರುಮಕ್ಕಿ ಬೇರೆಯೇ. ಸಾಗರದ ಕಡೆಯಿಂದ ನಿಟ್ಟೂರು, ಕೊಲ್ಲೂರಿಗೆ ಹೋಗುವವರ ದಾರಿ ಇದು. ದಾಟುವ ನೀರು ಕಡಿಮೆ, ಜನವೂ ಕಡಿಮೆ. ಹೆಚ್ಚಿನವರು ಊರವರೇ. ಕೊನೆಗೆ ಹತ್ತಿ ಅಂದರೆ ಕೊನೆಗೇ ಹತ್ತಲು ಬಿಡುತ್ತಾರೆ. ನಾಯಿ ಇರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ವಾಹನಗಳೆಲ್ಲ ನಿಂತು ಎಂಜಿನ್ ಆರಿದ ಮೇಲೆ ಕೆಂಚ ತನ್ನಷ್ಟಕ್ಕೆ ನಡೆದು ಬರುತ್ತಾನೆ. ಅಲ್ಲಿ ಅಜ್ಜಿಯೊಬ್ಬರು, 'ಇದಕ್ಕೂ ಟಿಕೆಟ್ ತಗಂಡ್ಯೇನೋ ತಮ್ಮಾ?' ಅಂತ ಕೇಳಿ ಇಡೀ ಲಾಂಚನ್ನು ನಗಿಸಿದ್ದರು. ದೂರು ಒಂದೇ, ನೋಡ್ತಾ ನೋಡ್ತಾ ಆಚೆ ದಡ ಬಂದುಬಿಡುತ್ತದೆ. ನೀರಿನ ಮೇಲೆ ಇದ್ದೆವು ಅನ್ನಿಸುವಷ್ಟು ಹೊತ್ತು ಸಿಗುವುದಿಲ್ಲ.

ಆ ಹೊತ್ತು ಬೇಕೆಂದರೆ ಹರಿಗೋಲು. ಹೊನ್ನೆಮರಡು ಕಡೆ ಹೋದವರಿಗೆ ಗೊತ್ತು, ಬೆಳಗಿನ ಹಿನ್ನೀರಿನಲ್ಲಿ ಹರಿಗೋಲಿನ ಸುಖ ಬೇರೆ ಯಾವುದರಲ್ಲೂ ಇಲ್ಲ. ನಾಲ್ಕು ಜನ ಗೆಳೆಯರು, ಬುತ್ತಿಯಲ್ಲಿ ಚಿತ್ರಾನ್ನ, ಹರಟೆ. ಆದರೆ ನಾಯಿ? ನನ್ನನ್ನು ಕೇಳಿದರೆ ಬೇಡ. ಹರಿಗೋಲು ದುಂಡಗಿರುತ್ತದೆ, ಭಾರ ಎತ್ತ ಹೋಯಿತೋ ಅತ್ತ ವಾಲುತ್ತದೆ. ನಾವು ನಡುವೆ ತಗ್ಗಿ ಕೂರುತ್ತೇವೆ, ಕೆಂಚನಿಗೆ ಅಂಚಿನಲ್ಲೇ ನಿಲ್ಲಬೇಕು. ನೀರುಕಾಗೆ ಮುಳುಗಿ ಎದ್ದರೆ ಸಾಕು, ಅವನು ಎದ್ದು ಆ ಕಡೆ ಹೋದ, ಹರಿಗೋಲೂ ಆ ಕಡೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅಣೆಕಟ್ಟೆ ತುಂಬಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನೊಳಗೆ ನಿಂತಿವೆ. ಬೇಸಿಗೆಯಲ್ಲಿ ತಲೆ ಎತ್ತುತ್ತವೆ, ಅದಕ್ಕೆ ಮುಂಚೆ ನೀರಿನಡಿ ಒಂದಡಿ ಕೆಳಗೆ ಇರುತ್ತವೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಹುಟ್ಟು ಹಾಕುವವನಿಗೂ ಕಷ್ಟ. ಹಾಗೂ ಹೋಗುತ್ತೇವೆ ಅನ್ನುವವರು ಎಲ್ಲರೂ ಲೈಫ್ ಜಾಕೆಟ್ ಹಾಕಲೇಬೇಕು, ನಾಯಿಗೂ. ಬೆನ್ನಮೇಲೆ ಹಿಡಿಕೆ ಇರುವ ಜಾಕೆಟ್ ತಗೊಳ್ಳಿ, ಬಿದ್ದರೆ ಎತ್ತಲು ಅದೇ ಆಧಾರ. ಹಗ್ಗವನ್ನು ಮಾತ್ರ ಹರಿಗೋಲಿಗೆ ಕಟ್ಟಬೇಡಿ. ಮಗುಚಿದರೆ ನಾಯಿ ಅದರ ಕೆಳಗೇ ಸಿಕ್ಕಿಬೀಳುತ್ತದೆ.

ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಸೇತುವೆ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. 2025ರ ಜುಲೈ 14ಕ್ಕೆ ತೆರೆಯಿತು, ಉದ್ದ 2.44 ಕಿಲೋಮೀಟರ್. ಕಾರಿನಲ್ಲಿ ಕೂತರೆ ಕೆಲವೇ ನಿಮಿಷ. ಆಚೆ ದಡದ ತುಮರಿ, ಬ್ಯಾಕೋಡಿನ ಜನ ರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಪಟ್ಟ ಪಾಡು ಗೊತ್ತಿರುವವರು ಯಾರೂ ಇದನ್ನು ಬೇಡ ಅನ್ನುವುದಿಲ್ಲ. ಕೆಂಚನ ಮಟ್ಟಿಗೆ ಅದು ಇನ್ನೊಂದು ರಸ್ತೆ ಅಷ್ಟೇ. ಕಿಟಕಿಯಿಂದ ಮೂತಿ ಹೊರಗೆ ಹಾಕುತ್ತಾನೆ, ಸೀನುತ್ತಾನೆ, ಮಲಗುತ್ತಾನೆ. ನಮ್ಮ ಗುಂಪಿನಲ್ಲೊಬ್ಬನಿಗೆ ಇದೇ ಎಲ್ಲಕ್ಕಿಂತ ಮೇಲು. ಒದ್ದೆ ನಾಯಿಯನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ಪಾಳಿ ಯಾವಾಗಲೂ ಅವನದೇ, ಪಾಪ.

ಮುಪ್ಪಾನೆಯಲ್ಲೂ ಲಾಂಚ್ ಇದೆ, ಕಾರ್ಗಲ್ ಕಡೆಯದು. ಜಾಗ ಬಲು ಚಂದ. ಆದರೆ ಅದು ಶರಾವತಿ ಅಭಯಾರಣ್ಯದ ಕಾಡು, ಅಲ್ಲಿಗೆ ನಾಯಿ ಒಯ್ಯುವುದು ನನಗೆ ಸರಿ ಕಾಣುವುದಿಲ್ಲ. ಕೆಂಚನನ್ನು ಮನೆಯಲ್ಲಿ ಬಿಟ್ಟೇ ಹೋಗಿಬರುತ್ತೇವೆ.

ಉಣುಗಿನ ವಿಚಾರವೂ ಇದೆಯಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2018ರ ಕೊನೆಗೆ ಕಾರ್ಗಲ್ ಹತ್ತಿರದ ಅರಳಗೋಡಿನಲ್ಲಿ ಅದು ಎಷ್ಟು ಜನರನ್ನು ಮಲಗಿಸಿತು ಅನ್ನುವುದು ಸಾಗರದವರಿಗೆ ನೆನಪಿದೆ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಲ. ನಾಯಿ ಪೊದೆಗೆ ನುಗ್ಗಿ ಬಂದರೆ ಅದರ ಮೈಮೇಲೆ ಉಣುಗು ನಿಮ್ಮ ಕಾರಿಗೂ ಮನೆಗೂ ಬರುತ್ತದೆ. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ನೋಡಿಯೇ ಕಾರು ಹತ್ತಿಸಿ.

ಹಾಗಾಗಿ ನಾವು ಹೋಗುವುದು ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ, ಹಸಿರುಮಕ್ಕಿಗೆ. ನೀರು ಮೇಲಿರುತ್ತದೆ, ಕೆಸರು ಕಡಿಮೆ, ಬಿಸಿಲೂ ಹದವಾಗಿರುತ್ತದೆ. ಹರಿಗೋಲಿನ ಆಸೆ ಇದ್ದವರು ಸರದಿ ಮೇಲೆ ಹೋಗಲಿ, ಒಬ್ಬರು ದಡದಲ್ಲಿ ನಾಯಿ ಜೊತೆ ಇರಲಿ. ಹಸಿರುಮಕ್ಕಿಗೂ ಸೇತುವೆ ಕೆಲಸ ಹಿಡಿದಿದ್ದಾರೆ. ಲಾಂಚ್ ಓಡುತ್ತಿದೆಯಾ ಅಂತ ಸಾಗರದಲ್ಲಿ ಕೇಳಿಕೊಂಡೇ ಮುಂದೆ ಹೋಗಿ.