ಮೂಲವೋ ಮರುಹಾಡೋ: ತುಮಕೂರು ರೈಲಿನಲ್ಲೊಂದು ಹೋಲಿಕೆ

ತುಮಕೂರಿನಿಂದ ಯಶವಂತಪುರಕ್ಕೆ ನಿತ್ಯ ರೈಲಿನಲ್ಲಿ ಓಡಾಡುವ ನಾನು ಕಳೆದ ತಿಂಗಳು ವ್ರತ ಹಿಡಿದವನಂತೆ, ಹೋಗುವಾಗ ಮೂಲ ಹಾಡನ್ನೂ ಬರುವಾಗ ಅದರ ಕವರನ್ನೂ, ಅಂದರೆ ಅದೇ ಹಾಡನ್ನು ಬೇರೊಬ್ಬರು ಮತ್ತೆ ಹಾಡಿದ್ದನ್ನೂ ಕೇಳಿ, ರಾತ್ರಿ ಮನೆಯಲ್ಲಿ ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ತೂಗಿ ನೋಡಿದೆ.

ಹೆಚ್ಚು ದಿನ ಹಿಡಿದದ್ದು ‘ರೆಸ್ಪೆಕ್ಟ್’. ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ತಾವೇ ಬರೆದು ಹಾಡಿದ ಮೂಲದಲ್ಲಿ, ದುಡಿದು ಮನೆಗೆ ಬಂದ ಗಂಡಸು ತನಗೆ ಸಲ್ಲಬೇಕಾದ ಮರ್ಯಾದೆಯನ್ನು ಕೇಳುತ್ತಾನೆ. ಕಹಳೆಗಳ ಅಬ್ಬರ ಸೊಗಸಾಗಿದ್ದರೂ ಆ ಬೇಡಿಕೆಯಲ್ಲಿ ಹೊಸತೇನೂ ಇಲ್ಲ. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದಾಗ ಅದೇ ಮಾತು ಹೆಂಗಸಿನ ಬಾಯಿಗೆ ಬಂದು, ಬೇಡಿಕೆ ಹೋಗಿ ತಾಕೀತಾಯಿತು. ‘ರೆಸ್ಪೆಕ್ಟ್’ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಸಾಲು, ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ನುಡಿಯುವ ನಡುಭಾಗ, ಇವೆರಡೂ ಮೂಲದಲ್ಲಿ ಇರಲೇ ಇಲ್ಲ. ಅರೀಥಾರ ಅಕ್ಕ ಅರ್ಮಾ ಮತ್ತು ತಂಗಿ ಕ್ಯಾರೊಲಿನ್ ಹಿಮ್ಮೇಳದಲ್ಲಿ ದನಿಗೂಡಿಸುವಾಗ, ಮನೆಯ ಹೆಂಗಸರೆಲ್ಲ ಒಟ್ಟಾಗಿ ಬಾಗಿಲಿಗೆ ಬಂದು ನಿಂತಂತೆ ಕೇಳುತ್ತದೆ. ಇಲ್ಲಿ ನನಗೆ ಎರಡನೆಯ ಯೋಚನೆಯೇ ಬರಲಿಲ್ಲ.

‘ಆಲ್ ಅಲಾಂಗ್ ದ ವಾಚ್‌ಟವರ್’ ವಿಷಯದಲ್ಲಿ ತೀರ್ಪು ಇನ್ನೂ ಸುಲಭ. ಬಾಬ್ ಡಿಲನ್ 1967ರಲ್ಲಿ ಗಿಟಾರು, ಹಾರ್ಮೋನಿಕಾಗಳೊಂದಿಗೆ ತಣ್ಣಗೆ ಹೇಳಿದ ಕಥೆಯೊಳಗೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮರುವರ್ಷ ಬಿರುಗಾಳಿಯನ್ನೇ ತಂದರು. ಡಿಲನ್ನರೇ ಮುಂದೆ ವೇದಿಕೆಯಲ್ಲಿ ಹೆಂಡ್ರಿಕ್ಸ್ ಧಾಟಿಯತ್ತ ವಾಲಿದ ಮೇಲೆ ನಾನು ವಾದಿಸುವುದೇನಿದೆ?

ಎಡವಿದ್ದು ‘ಐ ವಿಲ್ ಆಲ್ವೇಸ್ ಲವ್ ಯು’ ಜೋಡಿಯಲ್ಲಿ. ರೈಲಿನಲ್ಲಿ ಡಾಲಿ ಪಾರ್ಟನ್ ಅವರ 1974ರ ಮೂಲ ಸಪ್ಪೆಯೆನಿಸಿ, ವಿಟ್ನಿ ಹ್ಯೂಸ್ಟನ್ ಅವರ 1992ರ ಕವರ್ ಗೆದ್ದಿತೆಂದು ಬರೆದುಕೊಂಡಿದ್ದೆ. ಮನೆಯಲ್ಲಿ ಕೇಳಿದಾಗ ತಪ್ಪು ತಿಳಿಯಿತು: ಜೊತೆಗೆ ಹಾಡುತ್ತಿದ್ದ ಗಾಯಕ ಪೋರ್ಟರ್ ವ್ಯಾಗನರ್ ಅವರ ಜೊತೆಗಾರಿಕೆಯನ್ನು ಬಿಟ್ಟು ಹೊರಡುವ ಹೊತ್ತಿನಲ್ಲಿ ಬರೆದ ಆ ಹಾಡಿನ ಕೊನೆಯ ಚರಣವನ್ನು ಡಾಲಿ ಹಾಡದೆ ಮೆಲುದನಿಯಲ್ಲಿ ಆಡುತ್ತಾರೆ, ಅದನ್ನು ನಿಡುವಂದ ನಿಲ್ದಾಣದ ಬಳಿ ಗಾಲಿಗಳ ಸದ್ದು ನುಂಗಿಹಾಕಿತ್ತು. ವಿಟ್ನಿ ವಾದ್ಯವಿಲ್ಲದೆ ಆರಂಭಿಸುವ ಭಾಗ ನಿಜಕ್ಕೂ ಅಪೂರ್ವ. ಆದರೆ ಡ್ರಮ್ಮು ಒಮ್ಮೆ ಗುದ್ದಿ ದನಿ ಮೇಲಿನ ಶ್ರುತಿಗೆ ಹಾರಿದ ಮೇಲೆ ಅಗಲಿಕೆಯ ಸಂಕಟ ಮರೆತುಹೋಗಿ ಗಾಯಕಿಯ ತಾಕತ್ತೊಂದೇ ಕಿವಿಯಲ್ಲಿ ಉಳಿಯುತ್ತದೆ. ಬರೆದದ್ದನ್ನು ಹೊಡೆದುಹಾಕಿ ಡಾಲಿಗೆ ಅಂಕ ಕೊಟ್ಟೆ.

ಕೊನೆಗೆ ನಮ್ಮದೇ ‘ಸೋರುತಿಹುದು ಮನೆಯ ಮಾಳಿಗಿ’. ಶಿಶುನಾಳ ಶರೀಫರು 1889ರಲ್ಲೇ ತೀರಿಕೊಂಡದ್ದರಿಂದ ಇಲ್ಲಿ ಮೂಲ ಮುದ್ರಣವೆಂಬುದೇ ಇಲ್ಲ; ನಾವು ಮೂಲವೆಂದು ನಂಬಿರುವ ಸಿ. ಅಶ್ವತ್ಥರದೂ ಒಂದರ್ಥದಲ್ಲಿ ಮರುಹಾಡೇ. ರಘು ದೀಕ್ಷಿತರ ಗಿಟಾರಿಗೆ ಕಾಲು ತಾನಾಗಿ ತಾಳ ಹಾಕುತ್ತದೆ, ಆದರೆ ಮಾಳಿಗೆ ಸೋರುವ ಮನೆಯವನ ಅಳಲು ನನಗೆ ಕೇಳಿಸಿದ್ದು ಅಶ್ವತ್ಥರ ಎತ್ತರದ, ಬಿಚ್ಚುಗೊರಳಿನಲ್ಲಿಯೇ. ಕ್ಯಾತ್ಸಂದ್ರ ದಾಟುವಾಗ ಪಕ್ಕದ ಕಾಲೇಜು ಹುಡುಗನಿಗೂ ಒಂದು ಇಯರ್‌ಫೋನ್ ಕೊಟ್ಟು ಎರಡನ್ನೂ ಕೇಳಿಸಿದೆ. ಅವನು ಮುಲಾಜಿಲ್ಲದೆ ರಘು ದೀಕ್ಷಿತರತ್ತ ಕೈ ತೋರಿಸಿ, ಇನ್ನೊಮ್ಮೆ ಹಾಕಿ ಎಂದ.