ಕ್ರಿಪ್ಟೊ ಸಮ್ಮೇಳನಕ್ಕೆ ಹೊರಟವರೇ, ‘ನಮ್ಮೂರವರು’ ಕೇಳಿದರು ಅಂತ ವಾಲೆಟ್‌ನಿಂದ ಸಹಿ ಮಾಡಬೇಡ್ರಿ

ಬೆಂಗಳೂರಿನಲ್ಲಿ ನಡೆಯೋ ಕ್ರಿಪ್ಟೊ ಸಮ್ಮೇಳನಕ್ಕೆ ಟಿಕೆಟ್ ತಗೊಂಡು, ಹೋಗೋ ಮೊದಲೇ ನಾಲ್ಕು ಮಂದಿಯ ಪರಿಚಯ ಆಗಲಿ ಅಂತ ಟೆಲಿಗ್ರಾಮ್ ಗ್ರೂಪ್ ಸೇರಿದ ಹುಬ್ಬಳ್ಳಿ-ಧಾರವಾಡ, ಗದಗ ಕಡೆಯ ಹುಡುಗರ ವಾಲೆಟ್‌ಗಳು (ಕ್ರಿಪ್ಟೊ ರೊಕ್ಕ ಇಡೋ ಆ್ಯಪ್‌ಗಳು) ಖಾಲಿಯಾಗಿವೆ. ಸೀಡ್ ಫ್ರೇಸ್, ಅಂದ್ರೆ ವಾಲೆಟ್ ತೆರೆಯೋ ಗುಪ್ತ ಪದಗಳನ್ನ, ಯಾರೂ ಕೊಟ್ಟಿಲ್ಲ. ಒಟಿಪಿ ಕೊಟ್ಟಿಲ್ಲ. ಒಂದು ರೂಪಾಯಿ ಗ್ಯಾಸ್, ಅಂದ್ರೆ ವ್ಯವಹಾರದ ಶುಲ್ಕ, ಕಟ್ಟಿಲ್ಲ. ವಾಲೆಟ್‌ನಲ್ಲಿ ಒಪ್ಪಿಗೆ ಒತ್ತಿ ಬರೇ ಒಂದು ಸಹಿ ಮಾಡಿದ್ದಾರೆ, ಅಷ್ಟೇ. ಮರ್ಯಾದೆಗೆ ಅಂಜಿ ಯಾರೂ ಬಾಯಿ ಬಿಡ್ತಿಲ್ಲ, ಮನೆಯಲ್ಲೂ ಹೇಳಿಲ್ಲ. ಆ ಗ್ರೂಪ್ ಮಾತ್ರ ಇನ್ನೂ ನಡೀತಾ ಇದೆ. ಅದಕ್ಕೇ ಇದನ್ನ ಬರೆಯೋದು.

ಗ್ರೂಪ್‌ಗೆ ಸಮ್ಮೇಳನದ್ದೇ ಹೆಸರು, ಅದೇ ಲೋಗೊ. ಸಂಘಟಕರ ಅಧಿಕೃತ ಜಾಲತಾಣದಲ್ಲಿ ಮಾತ್ರ ಅದರ ಲಿಂಕ್ ಎಲ್ಲೂ ಇಲ್ಲ. ಅದರೊಳಗೆ ಉತ್ತರ ಕರ್ನಾಟಕದವರಿಗೆ ಅಂತ ಇನ್ನೊಂದು ಸಣ್ಣ ಗ್ರೂಪ್. ಅಲ್ಲಿ ಮಾತೆಲ್ಲ ನಮ್ಮದೇ. ಧಾರವಾಡದಿಂದ ಮಧ್ಯಾಹ್ನದ ವಂದೇ ಭಾರತ್‌ಗೆ ಎಲ್ಲರೂ ಕೂಡಿ ಹೋಗೋಣು, ರೂಮು ಹಂಚಿಕೊಳ್ಳೋಣು, ದುರ್ಗದಬೈಲ್‌ನಾಗ ಒಮ್ಮೆ ಗಿರ್ಮಿಟ್ ತಿನ್ನಕೋತ ಭೆಟ್ಟಿ ಆಗೋಣು. ಇದನ್ನೆಲ್ಲ ಬರೆದವನು ಗದಗದವನಂತೆ. ದಿನಾ ಮಾತು, ದಿನಾ ನಮಸ್ಕಾರ. ರೊಕ್ಕದ ಮಾತು ಒಂದೂ ಇಲ್ಲ. ಹೀಗೆ ದಿನಗಳು ಕಳೆದ ಮೇಲೆ, ಸಮ್ಮೇಳನ ಹತ್ತಿರ ಬಂದಾಗ, ಲಿಂಕ್ ಬಂತು: ಮೊದಲೇ ಹಾಜರಿ ಬ್ಯಾಡ್ಜ್ ತಗೊಂಡವರಿಗೆ ನೆಟ್‌ವರ್ಕಿಂಗ್ ಟೇಬಲ್ ಮೀಸಲು, ದೊಡ್ಡ ಕಂಪನಿಯವರ ಜೊತೆ ಕೂಡಬಹುದು, ಬ್ಯಾಡ್ಜ್ ಉಚಿತ.

ಇಲ್ಲೇ ಸುಳ್ಳು ಶುರು. ಹಾಜರಿ ಬ್ಯಾಡ್ಜ್ ಅಂತ ನಿಜವಾಗಿ ಇರೋದು ಪಿಒಎಪಿ (POAP), ಕಾರ್ಯಕ್ರಮಕ್ಕೆ ಬಂದಿದ್ದಕ್ಕೆ ಸಿಗೋ ಡಿಜಿಟಲ್ ಗುರುತು. ಅದನ್ನು ಸಾಮಾನ್ಯವಾಗಿ ಕಾರ್ಯಕ್ರಮದ ಜಾಗದಲ್ಲೇ ಕ್ಯೂಆರ್ ತೋರಿಸಿ ಕೊಡ್ತಾರೆ. ವಾಲೆಟ್ ವಿಳಾಸವನ್ನೋ ಇಮೇಲ್ ಅನ್ನೋ ಟೈಪ್ ಮಾಡಿದರೆ ಸಾಕು, ಬರುತ್ತೆ. ನಿಮ್ಮ ಟೋಕನ್ (ವಾಲೆಟ್‌ನಲ್ಲಿರೋ ಕ್ರಿಪ್ಟೊ ನಾಣ್ಯ) ಮೇಲೆ ಯಾವ ಅನುಮತಿಯೂ ಅದಕ್ಕೆ ಬೇಡ. ಹೋಗದೇ ಇರೋ ಕಾರ್ಯಕ್ರಮಕ್ಕೆ ಮೊದಲೇ ಹಾಜರಿ ಅಂದ್ರೆ ಏನ್ರಿ ಅದು?

ಒಬ್ಬ ಹುಡುಗ ಕೇಳಿದ್ದಾನೆ, ವಾಲೆಟ್ ಯಾಕ ಕನೆಕ್ಟ್ ಮಾಡಬೇಕು ಅಂತ. ಬಂದ ಉತ್ತರ ಇದು: “ಗ್ಯಾಸ್ ಇಲ್ಲಲ್ರೀ ಅಣ್ಣಾರ, ಬರೇ ಸಹಿ. ಗ್ಯಾಸ್ ಇಲ್ಲ ಅಂದಮ್ಯಾಲ ರೊಕ್ಕ ಹೆಂಗ ಹೋಗ್ತೈತಿ ನೀವs ಹೇಳ್ರಿ.” ಇನ್ನೂ ತಡೆದಾಗ: “ಏನ್ರಿ ಅಣ್ಣಾರ, ನಾವು ನಿಮ್ಮ ಕಡೆಯವರಲ್ಲೇನು?” ಈ ಒಂದು ಮಾತಿಗೆ ಹುಡುಗ ಸುಮ್ಮನಾಗಿದ್ದಾನೆ. ಊರಿನ ಹೆಸರು ಹಿಡಿದು ಕೇಳಿದಾಗ ನಮ್ಮ ಮಂದಿಗೆ ‘ಒಲ್ಲೆ’ ಅನ್ನೋಕೆ ಬಾಯಿ ಬರಲ್ಲ. ಆ ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು.

ಗ್ಯಾಸ್ ಇಲ್ಲದ ಸಹಿಯಿಂದ ರೊಕ್ಕ ಹೇಗೆ ಹೋಗುತ್ತೆ ಅಂತ ಸರಿಯಾಗಿ ತಿಳಕೊಳ್ಳಿ. ಯುಎಸ್‌ಡಿಸಿಯಂಥ (ಡಾಲರ್ ಬೆಲೆಗೆ ಕಟ್ಟಿದ) ಟೋಕನ್‌ಗಳಲ್ಲಿ ಪರ್ಮಿಟ್ ಅಂತ ಒಂದು ಸೌಲಭ್ಯ ಇದೆ, ಇಐಪಿ-2612 ಅನ್ನೋ ಈಥೀರಿಯಂ ಜಾಲದ ನಿಯಮದ ಪ್ರಕಾರ. ‘ಇಂಥ ವಿಳಾಸ ನನ್ನ ಖಾತೆಯಿಂದ ಇಷ್ಟು ಟೋಕನ್ ತೆಗೀಬಹುದು’ ಅಂತ ನೀವು ಚೈನ್‌ನ (ವ್ಯವಹಾರ ದಾಖಲಾಗೋ ಬ್ಲಾಕ್‌ಚೈನ್‌ನ) ಹೊರಗೇ ಸಹಿ ಮಾಡಿ ಕೊಡೋ ಪರವಾನಗಿ ಅದು. ಸಹಿಗೆ ಗ್ಯಾಸ್ ಇಲ್ಲ, ಖರೆ. ಆದರೆ ಆ ಸಹಿಯನ್ನು ಮೋಸಗಾರ ತಗೊಂಡು ಹೋಗಿ, ತನ್ನ ಕೈಯಿಂದ ಗ್ಯಾಸ್ ಕಟ್ಟಿ ಚೈನ್ ಮೇಲೆ ಹಾಕ್ತಾನೆ, ಟೋಕನ್ ಎಳಕೊಳ್ತಾನೆ. ಗ್ಯಾಸ್ ಕಟ್ಟೋನು ಅವನು, ರೊಕ್ಕ ಹೋಗೋದು ನಿಮ್ಮದು. ಸಹಿ ಮಾಡದ ಚೆಕ್‌ಗೆ ಬೆಲೆ ಇಲ್ಲ, ಸಹಿ ಮಾಡಿದ ಖಾಲಿ ಚೆಕ್ ಯಾರ ಕೈಗೆ ಸಿಕ್ಕರೂ ಮುಗೀತು, ಹಾಗೆ.

ವಾಲೆಟ್‌ನ ಕಿಟಕಿಯಲ್ಲಿ ಇದೆಲ್ಲ ಕಾಣುತ್ತೆ, ಓದಬೇಕು. ಓನರ್, ಸ್ಪೆಂಡರ್ (ರೊಕ್ಕ ತೆಗೆಯೋನು), ವ್ಯಾಲ್ಯೂ, ನಾನ್ಸ್ (ಸರಣಿ ಸಂಖ್ಯೆ), ಡೆಡ್‌ಲೈನ್ ಅಂತ ಸಾಲುಗಳು ಬಂದರೆ ಅದು ಲಾಗಿನ್ ಅಲ್ಲ, ಪರವಾನಗಿ. ವ್ಯಾಲ್ಯೂ ಜಾಗದಲ್ಲಿ 115792 ಅಂತ ಶುರುವಾಗೋ 78 ಅಂಕಿಗಳ ಉದ್ದನೆ ಸಂಖ್ಯೆ ಇದ್ದರೆ ಮಿತಿಯೇ ಇಲ್ಲ ಅಂತ ಅರ್ಥ. ಮೆಟಾಮಾಸ್ಕ್ ಅನ್ನೋ ವಾಲೆಟ್‌ನ ಹೊಸ ಆವೃತ್ತಿಗಳು ಇದನ್ನೇ ಸ್ಪೆಂಡಿಂಗ್ ಕ್ಯಾಪ್ (ಖರ್ಚಿನ ಮಿತಿ) ಅಂತ ತೋರಿಸುತ್ತವೆ. ನಿಜವಾದ ಲಾಗಿನ್ ಸಹಿಯಲ್ಲಿ ಜಾಲತಾಣದ ಹೆಸರು, ನಿಮ್ಮ ವಿಳಾಸ, ಸಮಯ, ಇಷ್ಟು ಸಾದಾ ಬರಹ ಇರುತ್ತೆ, ಸ್ಪೆಂಡರ್ ಅನ್ನೋ ಸಾಲು ಇರೋದೇ ಇಲ್ಲ. ಉಚಿತ ಬ್ಯಾಡ್ಜ್‌ನ ಸಹಿಯಲ್ಲಿ ‘ಯುಎಸ್‌ಡಿ ಕಾಯಿನ್’ (ಅದೇ ಯುಎಸ್‌ಡಿಸಿ) ಅನ್ನೋ ಹೆಸರು ಯಾಕೆ ಬರಬೇಕು? ಅದು ಕಂಡ ಕ್ಷಣವೇ ರಿಜೆಕ್ಟ್ ಒತ್ತಿ.

ಈಥೀರಿಯಂ ಮೇಲಿನ ಯುಎಸ್‌ಡಿಟಿಗೆ (ಇನ್ನೊಂದು ಡಾಲರ್ ಟೋಕನ್) ಈ ಪರ್ಮಿಟ್ ನೇರವಾಗಿ ಇಲ್ಲ. ಹಾಗಂತ ಸಮಾಧಾನ ಬೇಡ. ಟೋಕನ್ ಬದಲಿಸೋ ಯೂನಿಸ್ವಾಪ್‌ನಲ್ಲಿ ಎಂದೋ ಪರ್ಮಿಟ್2 ಅನ್ನೋ ಅದರ ಸಹಿ-ಅನುಮತಿ ವ್ಯವಸ್ಥೆಗೆ ಅನುಮತಿ ಕೊಟ್ಟಿದ್ದರೆ ಅದೇ ದಾರಿಯಲ್ಲಿ ಯುಎಸ್‌ಡಿಟಿಯನ್ನೂ ಇಂಥದೇ ಸಹಿಯಿಂದ ಎಳೀತಾರೆ. ಹಾರ್ಡ್‌ವೇರ್ ವಾಲೆಟ್ ಇದೆ ಅನ್ನೋರಿಗೂ ಅಷ್ಟೇ. ಅದು ಕೀಲಿ ಕಾಯುತ್ತೆ, ನೀವೇ ಒತ್ತಿದ ಸಹಿಯನ್ನ ತಡೆಯಲ್ಲ.

ಬ್ಯಾಲೆನ್ಸ್ ಸೊನ್ನೆ ಆದ ಮೇಲೆ ಬಂದ ಉತ್ತರಗಳು ಹೇಳ್ತೇವೆ ಕೇಳ್ರಿ. ಮೊದಲು: “ಸರ್ವರ್ ಬಿಜಿ ಐತ್ರಿ, ಒಂದು ದಿನ ತಡೀರಿ, ವಾಪಸ್ ಕಾಣಸ್ತೈತಿ.” ಆಮೇಲೆ: “ನಿಮ್ಮ ಇನ್ನೊಂದು ವಾಲೆಟ್ ಇದ್ರ ಅದನ್ನೂ ಕನೆಕ್ಟ್ ಮಾಡ್ರಿ, ಸಿಂಕ್ ಆಕ್ಕೈತಿ.” ಒಬ್ಬ ಅದನ್ನೂ ಮಾಡಿದ, ಅದೂ ಹೋಯ್ತು! ಎಲ್ಲರೂ ಒಟ್ಟಿಗೆ ಜಗಳ ತೆಗೆದಾಗ ಕೊನೆಯ ಉತ್ತರ: “ಸಹಿ ಮಾಡಿದವ್ರು ನೀವು. ನಾವೇನು ನಿಮ್ಮ ಕೈ ಹಿಡದೇವೇನ್ರಿ?” ಇಷ್ಟು ದಿನ ಅಣ್ಣಾರ, ಅಣ್ಣಾರ ಅಂದ ಬಾಯಿ ಅದು. ಅರ್ಧ ತಾಸಿನೊಳಗೆ ಖಾಸಗಿ ಚಾಟ್ ಪೂರಾ ಮಾಯ. ಟೆಲಿಗ್ರಾಮ್‌ನ ಖಾಸಗಿ ಚಾಟ್‌ನಲ್ಲಿ ಒಬ್ಬ ಅಳಿಸಿದರೆ ಇಬ್ಬರ ಕಡೆಯಿಂದಲೂ ಅಳಿಸಬಹುದು, ಆದ್ದರಿಂದ ಜಗಳ ತೆಗೆಯೋ ಮೊದಲೇ ಸ್ಕ್ರೀನ್‌ಶಾಟ್ ಬೇಕು, ಡೆಸ್ಕ್‌ಟಾಪ್ ಆ್ಯಪ್‌ನಿಂದ ಚಾಟ್ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೇದು. ಸಂಘಟಕರಿಗೆ ಬರೆದರೆ ಒಂದೇ ಸಾಲು: ಆ ಗ್ರೂಪ್ ನಮ್ಮದಲ್ಲ. ಸಂಘಟಕರೇ, ನಿಮ್ಮ ಹೆಸರು, ನಿಮ್ಮ ಲೋಗೊ, ಒಂದು ಎಚ್ಚರಿಕೆಯನ್ನಾದರೂ ನಿಮ್ಮ ಜಾಲತಾಣದಲ್ಲಿ ಹಾಕಬಾರದಾ?

ಅದೇ ಗ್ರೂಪ್‌ನಲ್ಲಿ ಇನ್ನೆರಡು ನಡೆದವು. ನಿಜವಾದ ಸದಸ್ಯರು ಹೌದೋ ಅಲ್ಲವೋ ನೋಡಲು ಟಿಕೆಟ್ ಫೋಟೊ ಹಾಕ್ರಿ ಅಂದರು. ಟಿಕೆಟ್‌ನ ಕ್ಯೂಆರ್ ಬಾಗಿಲಲ್ಲಿ ಒಂದೇ ಸಲ ನಡೆಯೋದು. ಮೊದಲು ಯಾರು ತೋರಿಸ್ತಾರೋ ಅವರು ಒಳಗೆ, ರೊಕ್ಕ ಕೊಟ್ಟವನಿಗೆ ‘ಈಗಾಗಲೇ ಚೆಕ್-ಇನ್ ಆಗಿದೆ’. ಕ್ಯೂಆರ್, ಆರ್ಡರ್ ನಂಬರ್ ಎರಡನ್ನೂ ಯಾರಿಗೂ ತೋರಿಸಬೇಡ್ರಿ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. “ಹೋಟೆಲ್‌ಗೆ ಯುಎಸ್‌ಡಿಟಿ ಬೇಕಾಗೇತ್ರಿ, ಯುಪಿಐ ಮಾಡ್ತೀನಿ.” ಯುಪಿಐ ಬರುತ್ತೆ, ನಿಜವಾಗಿಯೂ ಬರುತ್ತೆ. ಆದರೆ ಕಳಿಸಿದವರ ಹೆಸರು ಬೇರೆ. ಅದು ಎಲ್ಲೋ ಮೋಸಹೋದ ಇನ್ನೊಬ್ಬರ ರೊಕ್ಕ. ಅವರು ದೂರು ಕೊಟ್ಟ ಮೇಲೆ ರೊಕ್ಕದ ಜಾಡು ನಿಮ್ಮ ಖಾತೆಗೆ ಬಂದು ನಿಲ್ಲುತ್ತೆ, ಬ್ಯಾಂಕ್ ಲೀನ್ ಹಾಕುತ್ತೆ, ಅಂದ್ರೆ ಆ ರೊಕ್ಕ ತೆಗೆಯದಂತೆ ತಡೆಯುತ್ತೆ. ಬೇರೆ ರಾಜ್ಯದ ಸೈಬರ್ ಠಾಣೆಗೆ ಪತ್ರ ಬರೀತಾ ಕೂಡಬೇಕಾಗುತ್ತೆ. ಪಗಾರ ಬೀಳೋ ಖಾತೆ ಆದರಂತೂ ಮನೆ ನಡೆಸೋದೇ ಕಷ್ಟ. ಕಳಿಸೋನ ಹೆಸರು ಮತ್ತು ಗುರುತಿನ ಚೀಟಿ ಹೆಸರು ಒಂದೇ ಇಲ್ಲದಿದ್ದರೆ ಆ ವ್ಯವಹಾರವೇ ಬೇಡ. 2022ರ ಜುಲೈ 1ರಿಂದ ಇಂಥ ವರ್ಗಾವಣೆಗೆ ಶೇ. 1 ಟಿಡಿಎಸ್ ತೆರಿಗೆ ಇದೆ. ಗ್ರೂಪ್‌ನಲ್ಲಿ ಕೈಬದಲು ಮಾಡೋರು ಅದನ್ನ ಬಾಯಲ್ಲೂ ಎತ್ತಲ್ಲ.

ಈಗಾಗಲೇ ಸಹಿ ಮಾಡಿದ್ದೀರಾ? ಜಾಲತಾಣದಿಂದ ಡಿಸ್‌ಕನೆಕ್ಟ್ ಮಾಡಿದರೆ ಏನೂ ಆಗಲ್ಲ, ಕೊಟ್ಟ ಪರವಾನಗಿ ಹಾಗೇ ಇರುತ್ತೆ. ರಿವೋಕ್ ಡಾಟ್ ಕ್ಯಾಶ್‌ನಲ್ಲೋ ಈಥರ್‌ಸ್ಕ್ಯಾನ್‌ನ ಟೋಕನ್ ಅಪ್ರೂವಲ್ ಪುಟದಲ್ಲೋ ನೋಡಿ ರದ್ದು ಮಾಡಿ. ಆದರೆ ಅವನು ಇನ್ನೂ ಚೈನ್ ಮೇಲೆ ಹಾಕದ ಪರ್ಮಿಟ್ ಸಹಿ ಆ ಪಟ್ಟಿಯಲ್ಲಿ ಕಾಣಲ್ಲ. ಪಟ್ಟಿ ಖಾಲಿ ಇದೆ ಅಂತ ನಂಬಿ ಕೂತವರದ್ದೂ ಆಮೇಲೆ ಹೋಗಿದೆ. ಉಳಿದ ಟೋಕನ್‌ಗಳನ್ನ ತಕ್ಷಣ ಬೇರೆ ವಿಳಾಸಕ್ಕೆ ಸಾಗಿಸಿ. ಸೀಡ್ ಫ್ರೇಸ್‌ನ 12 ಅಥವಾ 24 ಪದಗಳನ್ನ ಎಲ್ಲಾದರೂ ಟೈಪ್ ಮಾಡಿದ್ದರೆ ಹೊಸ ಸೀಡ್‌ನಿಂದಲೇ ಹೊಸ ವಾಲೆಟ್ ಮಾಡಿ.

ನಂತರ 1930ಕ್ಕೆ ಫೋನ್, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು, ನಮ್ಮ ಸೈಬರ್ ಠಾಣೆಗೆ ಹೋಗಿ ಲಿಖಿತ ದೂರು. ಜೊತೆಗೆ 66 ಅಕ್ಷರದ ಟ್ರಾನ್ಸಾಕ್ಷನ್ ಹ್ಯಾಶ್ (ವ್ಯವಹಾರದ ಗುರುತು), ನಿಮ್ಮ ಮತ್ತು ಅವನ 42 ಅಕ್ಷರದ ವಿಳಾಸ, ಆ ಲಿಂಕ್, ಟೆಲಿಗ್ರಾಮ್‌ನ ಯೂಸರ್‌ನೇಮ್ ಅಲ್ಲದೆ ಬದಲಾಗದ ಯೂಸರ್ ಐಡಿ ಸಂಖ್ಯೆ ಕೂಡ. ಯುಎಸ್‌ಡಿಸಿ ಹೊರಡಿಸೋ ಸರ್ಕಲ್ ಕಂಪನಿಗೆ ವಿಳಾಸ ಸ್ಥಗಿತ ಮಾಡೋ ಅಧಿಕಾರ ಇದೆ, ಆದರೆ ಕಳ್ಳರು ಕೂಡಲೇ ಅದನ್ನ ಈಥೀರಿಯಂನ ನಾಣ್ಯ ಈಥರ್‌ಗೆ ಬದಲಿಸಿಬಿಡ್ತಾರೆ, ಆಮೇಲೆ ತಡೆಯೋರಿಲ್ಲ. ನಾಚಿಕೆಪಟ್ಟು ಎರಡು ದಿನ ಕೂತರೆ ಹೋಯ್ತು.

ಪರಿಚಯ ಮಾಡಿಕೊಳ್ಳೋದು ತಪ್ಪಲ್ಲ. ಅಧಿಕೃತ ಜಾಲತಾಣದಲ್ಲಿ ಕೊಟ್ಟ ಲಿಂಕ್‌ನಿಂದಲೇ ಗ್ರೂಪ್ ಸೇರಿ, ಹೆಸರು-ಕೆಲಸ ಹೇಳಿಕೊಳ್ಳಿ, ಭೆಟ್ಟಿ ನೋಂದಣಿ ಕೌಂಟರ್ ಮುಂದೆ ಇಟ್ಟುಕೊಳ್ಳಿ. ವಾಲೆಟ್ ಬೇಕೇ ಬೇಕು ಅನ್ನೋ ಕಡೆ ಏನೂ ಇಲ್ಲದ ಹೊಸ ವಾಲೆಟ್ ಒಯ್ಯಿರಿ.

ಆ ಗ್ರೂಪ್ ಈಗ ಹೆಸರು, ಲೋಗೊ ಬದಲಿಸಿ ಮುಂದಿನ ಸಮ್ಮೇಳನದ್ದಾಗಿದೆ, ಹಳೆಯ ಸದಸ್ಯರು ಹಾಗೇ ಒಳಗಿದ್ದಾರೆ. ರೊಕ್ಕ ಕಳಕೊಂಡವರಿಗೆ ಈಗ ಹೊಸಬರು ಮೆಸೇಜ್ ಮಾಡ್ತಿದ್ದಾರೆ: “ನಿಮ್ಮ ರೊಕ್ಕ ಎಲ್ಲೈತಿ ನಮಗ ಗೊತ್ತೈತ್ರಿ, ಶೇಕಡಾ ಹತ್ತು ಮುಂಗಡ ಹಾಕ್ರಿ, ತಗಸಿ ಕೊಡ್ತೇವಿ.” ಚೈನ್ ಮೇಲೆ ಹೋದ ಟೋಕನ್ ಅನ್ನು ಹೀಗೆ ಯಾರೂ ತೆಗೆಸಿ ಕೊಡೋಕೆ ಆಗಲ್ಲ. ಇವರೂ ಅದೇ ಮಂದಿ. ಉತ್ತರ ಕೊಡದೆ ಬ್ಲಾಕ್ ಮಾಡಿ, ಗ್ರೂಪ್‌ನ್ನ ಟೆಲಿಗ್ರಾಮ್‌ಗೆ ರಿಪೋರ್ಟ್ ಮಾಡಿ, ಇವತ್ತೇ ಹೊರಗೆ ಬರ್ರಿ.